ಆಚಾರ್ಯರ ಜನಿವಾರದ ಕೀಲಿಕೈ

ಕಳೆದ ವಾರ ನಮ್ಮ ಶಾಲೆಯ ಕಬ್ಬಿಣದ ಅಲ್ಮಾರಿ ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ತುಕ್ಕಿನದು, ಹಳೇ ರಟ್ಟಿನದು. ಸರ್ಕಾರಿ ಶಾಲೆಯಲ್ಲಿ ಓದಿದವರಾದರೆ ನಿಮಗೂ ಆ ವಾಸನೆ ಗೊತ್ತೇ ಇರುತ್ತದೆ. ಒಳಗೆ ಇಂಗ್ಲಿಷ್ ಕಲಿಸಲೆಂದು ಬಂದ ಹನ್ನೆರಡು ಟ್ಯಾಬ್‌ಗಳು, ಮೈಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿಸಿಕೊಳ್ಳದೆ, ಸಾಲಾಗಿ ಕೂತಿದ್ದವು. ಎಲ್ಲ ಇವೆ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಕೀಲಿ ಹಾಕುವುದರಲ್ಲಿದ್ದೆ. ಹಿಂದೆ ಮಹಾದೇವಿ ನಿಂತಿದ್ದಳು. ಚಿಂಚೋಳಿ ಕಡೆಯ ಹುಡುಗಿ, ಈ ವರ್ಷವೇ ಇಂಗ್ಲಿಷ್ ಟೀಚರಾಗಿ ಬಂದವಳು.

"ಮೇಡಂ, ಒಂಬತ್ತನೇ ಕ್ಲಾಸಿಗಿ ಇವು ಒಯ್ಯಲೇನ್ರಿ? ಇದರಾಗ ಕೇಳೋ ಪಾಠ ಭಾಳ ಛಲೋ ಅವ."

"ಬ್ಯಾಡವಾ," ಎಂದೆ. "ಹುಡುಗರ ಕೈಯಾಗ ಕೊಟ್ರ ಹಾಳಾಗ್ತಾವ."

ಅಂದ ಮೇಲೆ ನಾನೇ ಬೆಚ್ಚಿದೆ. ಅದು ನನ್ನ ಮಾತಲ್ಲ, ವೆಂಕೋಬಾಚಾರ್ಯರದು. ಆ 'ಹಾಳಾಗ್ತಾವ'ದ ಕೊನೆಯ ಎಳೆತ ಕೂಡ ಅವರದೇ. ಒಂದು ಕಾಲದಲ್ಲಿ ಅದೇ ಮಾತಿಗೆ ನಾನು ಅವರ ಜೊತೆ ಮಾತು ಬಿಟ್ಟಿದ್ದೆ.

ಇಂಗ್ಲಿಷ್ ಟೀಚರಾಗಿ ನನ್ನ ಮೊದಲ ನೌಕರಿ ವಾಡಿಗೂ ಶಹಾಬಾದಿಗೂ ನಡುವಿನ ಒಂದು ಹೈಸ್ಕೂಲಿನಲ್ಲಿ. ನಾನು ಸೇಡಂನಲ್ಲಿ ಪ್ಯಾಸೆಂಜರ್ ಗಾಡಿ ಹತ್ತುತ್ತಿದ್ದೆ, ಮುಂದೆ ಮಳಖೇಡದಲ್ಲಿ ವೆಂಕೋಬಾಚಾರ್ಯರು ಹತ್ತುತ್ತಿದ್ದರು. ಅದೇ ಶಾಲೆಯ ಹಿರಿಯ ಇಂಗ್ಲಿಷ್ ಮೇಷ್ಟ್ರು. ಹಣೆಗೆ ಅಕ್ಷತೆ, ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಬುತ್ತಿಯ ಡಬ್ಬಿ. ಇಂಗ್ಲಿಷ್ ಪಾಠದ ಸಾಮಾನಿದ್ದ ಮರದ ಅಲ್ಮಾರಿಯ ಕೀಲಿಕೈ ಅವರ ಜನಿವಾರಕ್ಕೆ ಗಂಟು ಬಿದ್ದಿತ್ತು. ಅಲ್ಮಾರಿ ತೆಗೆಯಬೇಕೆಂದರೆ ಅಂಗಿಯ ಎರಡು ಗುಂಡಿ ಬಿಚ್ಚಿ, ಜನಿವಾರ ಹೊರಗೆಳೆದು, ಕೀಲಿಕೈ ಬಿಚ್ಚದೆಯೇ ಬಾಗಿ ಬಾಗಿ ಕೀಲಿಯವರೆಗೆ ಮೈ ಇಳಿಸಬೇಕು. ದೂರದಿಂದ ನೋಡಿದವರಿಗೆ ಅವರು ಅಲ್ಮಾರಿಗೆ ನಮಸ್ಕಾರ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಒಂದು ರೀತಿಯಲ್ಲಿ ಮಾಡುತ್ತಲೂ ಇದ್ದರು.

ಒಳಗಿದ್ದದ್ದು ಅವರೇ ಮಾಡಿದ ಕಾರ್ಡುಗಳು. ಬೇಸಿಗೆ ರಜೆಗಳನ್ನೆಲ್ಲ ಸುರಿದು ಮಾಡಿದವು. ಕ್ಯಾಲೆಂಡರಿನ ಚಿತ್ರ, ಬಿಸ್ಕಿಟ್ ಪೊಟ್ಟಣದ ಚಿತ್ರ, ಹಳೇ ರೈಲ್ವೆ ವೇಳಾಪಟ್ಟಿಯ ತುಂಡು, ಎಲ್ಲವನ್ನೂ ಸೀರೆ ಡಬ್ಬಿಯ ರಟ್ಟಿಗೆ ಅಂಟಿಸಿ ಕೆಳಗೆ ಇಂಗ್ಲಿಷ್ ವಾಕ್ಯ ಬರೆದಿದ್ದರು. ಅಂಥ ಅಕ್ಷರವನ್ನು ನಾನು ಇವತ್ತಿಗೂ ಬೇರೆಲ್ಲೂ ಕಂಡಿಲ್ಲ. ಸಾಹೇಬರು ತಪಾಸಣೆಗೆ ಬಂದ ದಿನ ಅಲ್ಮಾರಿ ತೆರೆಯುತ್ತಿತ್ತು. ಸಾಹೇಬರು ಭೇಷ್ ಅನ್ನುತ್ತಿದ್ದರು, ಅಲ್ಮಾರಿ ಮುಚ್ಚುತ್ತಿತ್ತು. ಹುಡುಗರು ಕಿಟಕಿಯಿಂದ ಇಣುಕಿ ನೋಡಿದ್ದಷ್ಟೇ ಬಂತು.

ಇಲ್ಲಿ ನಮ್ಮ ಕಡೆಯ ಮಕ್ಕಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹೊರಗಿನವರು ಮೂಗು ಮುರಿದಾಗ ನನಗೆ ಸಿಟ್ಟು ಬರುತ್ತದೆ. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ, ಅಜ್ಜಿಯ ಊರಿಗೆ ಹೋದರೆ ತೆಲುಗು, ಟಿವಿ ಹಚ್ಚಿದರೆ ಹಿಂದಿ. ಹದಿನಾಲ್ಕರ ಹುಡುಗಿಯೊಬ್ಬಳು ದಿನಕ್ಕೆ ನಾಲ್ಕು ಭಾಷೆಯಲ್ಲಿ ಜಗಳ ಆಡಬಲ್ಲಳು. ಎಂ.ಎ. ಮಾಡಿದ ನಾನು ಎರಡರಲ್ಲಿ ಆಡಬಲ್ಲೆ, ಅದರಲ್ಲೂ ಒಂದರಲ್ಲಿ ಮೊದಲೇ ಬರೆದಿಟ್ಟುಕೊಂಡಿರಬೇಕು.

ಅಂಥ ಹುಡುಗಿಯೇ ಜರೀನಾ. ಒಂಬತ್ತನೇ ಕ್ಲಾಸು. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಅಡ್ಡೆಯಲ್ಲಿ ಕೆಲಸಕ್ಕಿದ್ದ. ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿ ನಮ್ಮ ಕನ್ನಡ ಶಾಲೆಗೆ ಬಂದಿದ್ದಳು. ಓದುವುದರಲ್ಲಿ ಅವಳಷ್ಟು ಹಟ ಯಾರಿಗೂ ಇರಲಿಲ್ಲ. ಗೈಡಿನಲ್ಲಿದ್ದ ಇಂಗ್ಲಿಷ್ ಉತ್ತರಗಳನ್ನೆಲ್ಲ ಒಂದು ಅಕ್ಷರ ತಪ್ಪದಂತೆ ಬಾಯಿಪಾಠ ಮಾಡಿದ್ದಳು. ಮೊದಲ ಪರೀಕ್ಷೆಯಲ್ಲಿ ಅವನ್ನೆಲ್ಲ ಗೈಡಿನ ಕ್ರಮದಲ್ಲೇ ಬರೆದಿಟ್ಟಳು. ನಾನೋ ಪ್ರಶ್ನೆಗಳ ಕ್ರಮ ಬದಲಿಸಿದ್ದೆ. ಬಾವಿ ಎಲ್ಲಿದೆ ಎಂದು ಕೇಳಿದರೆ 'ಏಕೆಂದರೆ ಅವನು ಬಡವನಾಗಿದ್ದ' ಎಂದು ಬರೆದಿದ್ದಳು. ಪ್ರತಿ ಉತ್ತರವೂ ಸರಿ, ಒಂದೂ ಆ ಪ್ರಶ್ನೆಯದಲ್ಲ. ನಾನು ಕೆಂಪು ಪೆನ್ನಿನಲ್ಲಿ ಉದ್ದಕ್ಕೂ ಸೊನ್ನೆ ಸುತ್ತಿದೆ. ಸ್ಟಾಫ್ ರೂಮಿನಲ್ಲಿ ಆ ಪೇಪರ್ ಓದಿ ಎಲ್ಲರನ್ನೂ ನಗಿಸಿದೆ ಕೂಡ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎರಡು ದಿನಕ್ಕೆ ಅವಳ ತಾಯಿ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಟೀಚರ್, ನಿಮ್ಮ ಮ್ಯಾಲ ಸಿಟ್ಟಿಲ್ರಿ. ಹುಡುಗಿ ಊಟ ಬಿಟ್ಟು ಓದ್ತಾಳ, ಮತ್ತ ಸೊನ್ನಿ ತರ್ತಾಳ. ತಲಿ ದಿವಾಲಕ್ಕ ಹೊಡ್ಕೊಂಡು ಅಳ್ತಾಳ. ನೋಡ್ಲಿಕ್ಕ ಆಗಲ್ಲದು. ದಸರಾ ಪರೀಕ್ಷಾದಾಗೂ ಇಂಗ್ಲಿಷ್ ಹೋತಂದ್ರ ಸಾಲಿ ಬಂದ್. ಅಕ್ಕನ ಜೋಡಿ ಹೊಲಿಗಿ ಕಲೀಲಿ."

ಜರೀನಾ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ದಸರೆಗೆ ಆರು ವಾರ ಉಳಿದಿತ್ತು.

ಮರುದಿನ ಗಾಡಿಯಲ್ಲಿ ಆಚಾರ್ಯರನ್ನು ಕೇಳಿಯೇ ಬಿಟ್ಟೆ. "ಸರ್, ನಿಮ್ಮ ಕಾರ್ಡ್ ಕೊಡ್ರಿ. ಈ ಹುಡುಗೀಗಿ ಪ್ರಶ್ನಾ ಅಂದ್ರೇನು, ಉತ್ತರ ಅಂದ್ರೇನು ಕಣ್ಣಿಲೆ ತೋರಿಸಬೇಕಾಗ್ಯದ."

"ಏನವಾ, ಇಷ್ಟು ವರ್ಷದಾಗ ಒಂದು ಕಾರ್ಡಿಂದೂ ಮೂಲಿ ಮುರದಿಲ್ಲ," ಎಂದರು. "ಹುಡುಗರ ಕೈಯಾಗ ಕೊಟ್ರ ಹಾಳಾಗ್ತಾವ."

"ಹಂಗಾದ್ರ ಯಾರಿಗಂತ ಮಾಡೀರಿ?"

ಅವರು ಡಬ್ಬಿ ತೆಗೆದು ಹುರಿದ ಶೇಂಗಾ ನನ್ನ ಮುಂದೆ ಹಿಡಿದರು. ನಾನು ಮುಟ್ಟಲಿಲ್ಲ. ಚಿತ್ತಾಪುರ ಬಂದರೂ ಕಿಟಕಿಯ ಹೊರಗೇ ನೋಡುತ್ತ ಕೂತೆ. ಹಸಿವಾಗಿತ್ತು ಎಂಬುದು ಬೇರೆ ಮಾತು.

ಸಿಟ್ಟಿನಲ್ಲೇ ಕ್ಲಾಸಿಗೆ ಹೋಗಿ, ಮನೆಯಿಂದ ರಟ್ಟಿನ ತುಂಡು ತನ್ನಿ, ನಾವೇ ಕಾರ್ಡ್ ಮಾಡೋಣ ಎಂದೆ. ಯಾರ ಮನೆಯಲ್ಲೂ ರಟ್ಟಿರಲಿಲ್ಲ. ಜರೀನಾ ಎದ್ದು ನಿಂತಳು.

"ಟೀಚರ್, ಫರಸಿ ತುಕಡಿ ನಡೀತಾವೇನ್ರಿ? ಅಬ್ಬಾನ ಅಡ್ಡೆದಾಗ ರಗಡ ಬಿದ್ದಾವ."

ಮರುದಿನ ನಾಲ್ಕು ಹುಡುಗಿಯರು ಸಿಮೆಂಟ್ ಚೀಲ ಎಳೆದುಕೊಂಡು ಬಂದರು. ಅಂಗೈಯಗಲದ ಬೂದು ಕಲ್ಲುಗಳು, ಒಂದು ಮೈ ನುಣುಪು. ಸುಣ್ಣದ ಕಡ್ಡಿಯಲ್ಲಿ ಬರೆದರೆ ಮೂಡುತ್ತದೆ, ಒರೆಸಿದರೆ ಹೋಗುತ್ತದೆ. ಹರಿಯುವ ಮಾತೇ ಇಲ್ಲ. ಒಂದು ಗುಂಪು ಕಲ್ಲಿನ ಮೇಲೆ ಪ್ರಶ್ನೆ, ಇನ್ನೊಂದರ ಮೇಲೆ ಉತ್ತರ. ಯಾವುದರ ಪಕ್ಕ ಯಾವುದು ಕೂರಬೇಕು, ಅದೇ ಆಟ. 'ವೇರ್' ಎಂದು ಶುರುವಾದರೆ ನಾಲವಾರ ಎಂದು ಊರಿನ ಹೆಸರು ಬರೆದ ಕಲ್ಲು ಬೇಕು, 'ವ್ಹೆನ್' ಎಂದರೆ ಗಾಡಿ ಬರುವ ಹೊತ್ತು ಬರೆದ ಕಲ್ಲು. ನಮ್ಮ ಕ್ಲಾಸಿನ ನೆಲವೂ ಅದೇ ಫರಸಿಯಾದ್ದರಿಂದ ಮೊದಲ ದಿನ ಮೂವರು ಪಾಠ ಎಡವಿ ಬಿದ್ದರು.

ಜರೀನಾ ಮೊದಲೆರಡು ದಿನ ಇಲ್ಲೂ ತನ್ನ ಗೈಡಿನ ಕ್ರಮವನ್ನೇ ಹೂಡಿದಳು. ನಾನು ಕಲ್ಲುಗಳನ್ನು ಮತ್ತೆ ಮತ್ತೆ ಕಲಸಿದೆ. ಮೂರನೆಯ ದಿನ 'ವ್ಹೈ'ಯ ಕಲ್ಲನ್ನು ಹಿಡಿದು ಬಹಳ ಹೊತ್ತು ಕೂತಿದ್ದವಳು 'ಬಿಕಾಸ್' ಇದ್ದ ಕಲ್ಲನ್ನು ಹುಡುಕಿ ತಂದು ಪಕ್ಕಕ್ಕಿಟ್ಟಳು. ಆಮೇಲೆ ನನ್ನನ್ನು ನೋಡಿ, "ಟೀಚರ್, ಮೊದಲ ಪ್ರಶ್ನಾ ಓದಬೇಕೇನ್ರಿ?" ಎಂದು ಕೇಳಿದಳು.

ಇಷ್ಟು ವರ್ಷ ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಕಲ್ಲಿನ ಸದ್ದಿಗೆ ಪಕ್ಕದ ಕ್ಲಾಸಿನಿಂದ ಆಚಾರ್ಯರು ಬಂದು ಬಾಗಿಲಲ್ಲಿ ನಿಂತರು. ಬೈಯುತ್ತಾರೆ ಎಂದುಕೊಂಡೆ. ಅವರ ಕಣ್ಣು ನನ್ನ ಅಕ್ಷರದ ಮೇಲಿತ್ತು.

"ಏನವಾ ಇದು? ಇರುವಿ ಹರದಾಡಿದ್ಹಂಗ ಬರದೀದಿ," ಎಂದು ಕೆಳಗೇ ಕೂತು, ಸುಣ್ಣದ ಕಡ್ಡಿ ಕಸಿದುಕೊಂಡು ಒಂದು ಕಲ್ಲಿನ ಮೇಲೆ ಬರೆದರು. ಎಲ್ಲರೂ ಬಗ್ಗಿ ನೋಡಿದೆವು. ಅಷ್ಟು ಚೆಂದ ಇತ್ತು. ಜರೀನಾ ಅದನ್ನು ಓದಿದಳು, ಉತ್ತರದ ಕಲ್ಲು ಹುಡುಕಿ ಜೋಡಿಸಿದಳು, ಆಮೇಲೆ ಓಢಣಿಯ ತುದಿಯಿಂದ ಒರೆಸಿ ಕಲ್ಲನ್ನು ಅವರ ಕೈಗೇ ಕೊಟ್ಟಳು. "ಇನ್ನೊಂದು ಬರೀರಿ, ಸರ್."

ಆಚಾರ್ಯರ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆಮೇಲೆ ಬರೆದರು. ಗಂಟೆ ಹೊಡೆಯುವವರೆಗೂ ಬರೆದರು, ಅವಳು ಒರೆಸುತ್ತಲೇ ಇದ್ದಳು.

ಮರುದಿನ ಅವರು ಜರೀನಾಳನ್ನು ಅಲ್ಮಾರಿಯ ಹತ್ತಿರ ಕರೆದರು. ಕೀಲಿಕೈ ಜನಿವಾರದಲ್ಲಿರಲಿಲ್ಲ, ಅಂಗೈಯಲ್ಲಿತ್ತು. "ತಗೋ, ನೀನೇ ತೆಗಿ," ಎಂದರು. ಅವಳು ಮುಂದಿನ ಸಾಲಿನ ಕಾರ್ಡುಗಳನ್ನು ಎತ್ತಿದಳು. ಹಿಂದಿನ ಸಾಲುಗಳು ಮುಟ್ಟಿದ ಕೂಡಲೇ ಮಣ್ಣಾಗಿ ಉದುರಿದವು. ಹಿಂಬದಿಯ ಗೋಡೆಯಿಂದ ಗೆದ್ದಲು ಹತ್ತಿ ಅರ್ಧಕ್ಕರ್ಧ ತಿಂದು ಹಾಕಿತ್ತು. ತಪಾಸಣೆಗೆ ಬಂದವರಿಗೆ ಕಾಣುತ್ತಿದ್ದ ಸಾಲು ಮಾತ್ರ ನೆಟ್ಟಗಿತ್ತು.

ಆಚಾರ್ಯರು ಆ ಮಣ್ಣನ್ನು ಬೆರಳಲ್ಲಿ ಆಡಿಸುತ್ತ ನಿಂತರು. "ಹುಡುಗರಿಗಿ ಮುಟ್ಟಗೊಡಲಿಲ್ಲ ನಾ," ಎಂದರು. "ಗೆದ್ದಲಿಗಿ ಕೀಲಿ ಯಾರು ಕೊಟ್ರವಾ?" ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಹೋಯಿತು. ಸಂಜೆಯ ಗಾಡಿಯಲ್ಲಿ ಶೇಂಗಾ ನಾನೇ ಕೇಳಿ ತಿಂದೆ.

ಉಳಿದ ಕಾರ್ಡುಗಳು ದಸರೆಯೊಳಗೆ ಮೂಲೆ ಮುರಿದು, ಎಣ್ಣೆ ಕುಡಿದು, ಗುರುತು ಸಿಗದಂತಾದವು. ದಸರಾ ಪರೀಕ್ಷೆಯಲ್ಲಿ ಜರೀನಾ ಪೇಪರ್ ಕೈಗೆ ಬಂದ ಮೇಲೆ ಹತ್ತು ನಿಮಿಷ ಪೆನ್ನೇ ಎತ್ತಲಿಲ್ಲ. ಪ್ರಶ್ನೆಗಳನ್ನು ಓದುತ್ತಿದ್ದಳು. ಪಾಸಾದಳು. ನಂಬರ್ ದೊಡ್ಡದೇನಲ್ಲ, ಆದರೆ ಪ್ರತಿ ಉತ್ತರವೂ ತನ್ನ ಪ್ರಶ್ನೆಯ ಪಕ್ಕದಲ್ಲೇ ಇತ್ತು. ಅವಳ ತಾಯಿ ಮತ್ತೆ ಬಂದಳು. ಈ ಸಲ ತಾನಾಗಿಯೇ ಕುರ್ಚಿ ಎಳೆದು ಕೂತಳು. ಜರೀನಾ ಈಗ ಸೇಡಂನಲ್ಲಿ ನರ್ಸ್. ಹೋದ ವರ್ಷ ನನಗೆ ಸೂಜಿ ಚುಚ್ಚುವ ಮುನ್ನ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನಾನು ಹೆದರಿ ಕನ್ನಡದಲ್ಲಿ ಉತ್ತರ ಕೊಟ್ಟೆ.

ಇಷ್ಟೆಲ್ಲ ಕಣ್ಣಾರೆ ಕಂಡವಳು ನಾನು. ಕಳೆದ ವಾರ ಅಂಥವಳ ಪರ್ಸಿನ ಒಳಜೇಬಿಗೆ, ಸೇಫ್ಟಿ ಪಿನ್ನಿನಲ್ಲಿ ಭದ್ರವಾಗಿ, ಟ್ಯಾಬ್‌ಗಳ ಅಲ್ಮಾರಿಯ ಕೀಲಿಕೈ ಸಿಕ್ಕಿಕೊಂಡಿತ್ತು. ಜನಿವಾರ ಇಲ್ಲವೆಂಬುದೊಂದೇ ವ್ಯತ್ಯಾಸ. ಮಹಾದೇವಿ ಆಗಲೇ ವರಾಂಡದ ಕೊನೆಗೆ ಹೋಗಿದ್ದಳು. ಕೂಗಿ ಕರೆದೆ, ಪಿನ್ನು ಬಿಚ್ಚಿ ಕೀಲಿಕೈಯನ್ನು ಬಾಗಿಲ ಮೊಳೆಗೆ ನೇತುಹಾಕಿದೆ. "ಇನ್ನ ಇದು ಇಲ್ಲೇ ಇರ್ತದ. ನನಗ ಕೇಳಬ್ಯಾಡ," ಎಂದೆ.

ಮೊದಲ ತಾಸಿನಲ್ಲೇ ಒಂದು ಟ್ಯಾಬ್ ಕೆಳಗೆ ಬಿತ್ತು. ಸದ್ದು ಕೇಳಿ ಓಡಿದೆ. ಗಾಜಿನ ಮೂಲೆ ಸೀಳಿತ್ತು. ಅದನ್ನು ಹಿಡಿದಿದ್ದ ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಸೀಳಿದ ಗಾಜಿನ ಹಿಂದಿನಿಂದ ಇಂಗ್ಲಿಷಿನಲ್ಲಿ ಯಾರೋ ಕೇಳುತ್ತಲೇ ಇದ್ದರು, ನಿನ್ನ ಊರು ಯಾವುದು, ನಿನ್ನ ಊರು ಯಾವುದು.

"ನನ್ನ ಮಾರಿ ಏನ್ ನೋಡ್ತಿಯವಾ?" ಎಂದೆ. "ಪ್ರಶ್ನಾ ಕೇಳಾಕತ್ಯಾರ. ಜವಾಬು ಕೊಡು."