ಜಯಕ್ಕನ ಕಣ್ಣಿಗೆ ಪಾಸಾದ ಟ್ಯೂಬು

ತೊಳೆದ ಗಾಜಿನ ಟ್ಯೂಬನ್ನು ಜಯಕ್ಕ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ನಾನು ತೊಳೆದದ್ದು ಪಾಸಾದದ್ದೇ ಇಲ್ಲ. “ಇದನ್ನ ತೊಳೆದಿದ್ದು ಅಂತಾರೇನೇ?” ಎಂದು ಮತ್ತೆ ಸಿಂಕಿಗೆ ಹಾಕುತ್ತಿದ್ದರು.

ಅಮೆರಿಕದ ಹೇವರ್ಡಿನ ಸಣ್ಣ ಲ್ಯಾಬೊಂದರಲ್ಲಿ ಅವರು ನನ್ನ ಬಾಸು, ಹಾಸನದವರು. ಊರೆಲ್ಲ ಡಾಟ್‌ಕಾಮ್ ಎಂದು ಕುಣಿಯುತ್ತಿದ್ದ ಕಾಲದಲ್ಲಿ, ರಕ್ತದ ಒಂದು ಪ್ರೋಟೀನು ಎಳೆಎಳೆಯಾಗಿ ಗಂಟು ಕಟ್ಟುವುದನ್ನು ನಾವಿಬ್ಬರು ಕಾಯುತ್ತ ಕೂತಿದ್ದೆವು. ಆ ಎಳೆಗಳು ನರಗಳಲ್ಲೋ ಹೃದಯದಲ್ಲೋ ಸೇರಿಕೊಂಡರೆ ಮನುಷ್ಯ ಉಳಿಯುವುದು ಕಷ್ಟ. ರಕ್ತದಿಂದ ಆ ಪ್ರೋಟೀನನ್ನಷ್ಟೇ ಬೇರ್ಪಡಿಸಿ ಟ್ಯೂಬಿಗೆ ಹಾಕಿದರೆ ಬಹಳ ಹೊತ್ತು ಏನೂ ಕಾಣದು, ತಿಳಿನೀರಿನ ಹಾಗಿರುತ್ತದೆ. ಮೊದಲ ಎಳೆ ಹುಟ್ಟಿತೋ, ಮಿಕ್ಕದ್ದೆಲ್ಲ ಅದಕ್ಕೆ ಅಂಟಿಕೊಂಡು ದ್ರವ ಕದಡಿಹೋಗುತ್ತದೆ. “ಹಳೇ ಎಳೆ ಒಂದು ಚೂರು ಉಳಿದಿದ್ರೂ ಹಾಲಿಗೆ ಹೆಪ್ಪು ಹಾಕಿದ ಹಾಗೆ ಕಣೇ,” ಎನ್ನುತ್ತಿದ್ದರು. ತೊಳೆಯುವ ಹುಚ್ಚು ಅದಕ್ಕೇ.

ರೋಗಿಗಳ ರಕ್ತದ ಜೊತೆ ಹೋಲಿಸಲು ಆರೋಗ್ಯವಂತರ ರಕ್ತ ಬೇಕಿತ್ತು. ಅದನ್ನು ಲ್ಯಾಬಿನವರೇ ಕೊಡುವುದು ನಮ್ಮಲ್ಲಿ ರೂಢಿ. ಜಯಕ್ಕನೇ ಮೊದಲು ತೋಳು ಚಾಚಿದರು. “ಮುದ್ದೆ ತಿಂದು ಬೆಳೆದ ರಕ್ತ, ತಗೋ!”

ಅವರ ಟ್ಯೂಬು ರೋಗಿಗಳದ್ದರ ಜೊತೆಜೊತೆಗೇ ಕದಡಿತು.

“ಏನ್ ತೊಳೆದೆ ನೀನು?” ಎಂದು ಕೆಂಡವಾದರು. ತಾವೇ ತೊಳೆದು, ಈ ಸಲ ನನ್ನ ರಕ್ತವನ್ನೂ ಪಕ್ಕದಲ್ಲಿಟ್ಟರು. ನನ್ನದು ತಿಳಿಯಾಗಿ ಉಳಿಯಿತು. ಅವರದ್ದು ಮತ್ತೆ ಕದಡಿತು. ಟ್ಯೂಬು ಹಿಡಿದೇ ಜಯಕ್ಕ ಸ್ಟೂಲಿನ ಮೇಲೆ ಕುಸಿದರು.

“ನಿಂತೂ ನಿಂತೂ ಕಾಲು ಜೋಮು ಹಿಡಿಯುತ್ತೆ ಅಂದ್ಕೊಂಡಿದ್ದೆ. ನಮ್ಮಪ್ಪನಿಗೂ ಹಿಡೀತಿತ್ತು. ಹಾರ್ಟು ನಿಂತು ಹೋದ್ರು.” ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದರು. “ಅಯ್ಯೋ, ಕಾವ್ಯಾ!”

ಕಾವ್ಯಾ ಅವರ ಒಬ್ಬಳೇ ಮಗಳು. ಇದು ಹೆತ್ತವರಿಂದ ಮಕ್ಕಳಿಗೆ ಇಳಿಯುವ ಕಾಯಿಲೆ.

ಆಸ್ಪತ್ರೆಯವರೂ ಜಯಕ್ಕನಿಗೆ ಅದೇ ಕಾಯಿಲೆ ಎಂದರು. ಮಗಳದ್ದನ್ನು ಮಾತ್ರ ಜಯಕ್ಕ ತಾವೇ ಕಣ್ಣಾರೆ ನೋಡಬೇಕೆಂದು ಹಟ ಹಿಡಿದರು. ಕಾವ್ಯಾ ಪಕ್ಕದ ಊರು ಯೂನಿಯನ್ ಸಿಟಿಯಿಂದ ಬಂದು, “ಇಟ್ಸ್ ಓಕೆ, ಅಮ್ಮಾ,” ಎಂದು ತೋಳು ಚಾಚಿದಳು. ಜಯಕ್ಕ ಖಾಲಿ ಟ್ಯೂಬನ್ನು ಸಿಂಕಿನವರೆಗೆ ಒಯ್ದು, ತಿರುಗಿ ಬಂದು ನನ್ನ ಕೈಗಿಟ್ಟರು.

“ಟ್ಯೂಬು ನೀನೇ ತೊಳಿ,” ಎಂದರು ನನಗೆ.

ಜೀವಮಾನದಲ್ಲಿ ನಾನು ಹಾಗೆ ಏನನ್ನೂ ತೊಳೆದಿಲ್ಲ. ಜಯಕ್ಕ ಊಟಕ್ಕೂ ಏಳದೆ ಎದುರು ಕೂತರು. ಪಕ್ಕದಲ್ಲಿಟ್ಟ ಅವರದ್ದು ಮಧ್ಯಾಹ್ನಕ್ಕೇ ಕದಡಿತು. ಸಂಜೆಯಾದರೂ ಕಾವ್ಯಾಳದ್ದು ತಿಳಿನೀರು. ಅದನ್ನೆತ್ತಿ ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು.

“ಚೆನ್ನಾಗಿ ತೊಳೆದಿದೀಯ ಕಣೇ.”

ಮುಂದಿನ ಯುಗಾದಿಯ ಹೊತ್ತಿಗೆ ಜಯಕ್ಕ ಇರಲಿಲ್ಲ. ಅವರ ಕಣ್ಣಿಗೆ ಪಾಸಾದ ನನ್ನ ಟ್ಯೂಬು ಅದೊಂದೇ.