ರಫೂ ಮಾಡಿದ ಸೀರೆ, ಒಂದು ಗ್ರೀಕ್ ಪದ

ನನಗೆ ಬರುವ ಗ್ರೀಕ್ ಪದ ಒಂದೇ ಒಂದು: ಕಟಾರ್ಟಿಜೋ. ಇಳಕಲ್ಲಿನಲ್ಲಿ ಸಂಸಾರ ನಡೆಸಲು ಅಷ್ಟೂ ಬೇಕಿಲ್ಲ. ಆದರೆ ಬಾಗಲಕೋಟೆಯ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಬಿಡಬೇಕಲ್ಲ. ನನ್ನ ಸೊಟ್ಟ ಹೊಲಿಗೆ ಬಿಚ್ಚುತ್ತಲೇ ಹೇಳುತ್ತಿದ್ದರು: ಬೈಬಲಿನ ಸುವಾರ್ತೆಯ ಬೆಸ್ತರು ದೋಣಿಯಲ್ಲಿ ಕೂತು ಬಲೆ ಸರಿಮಾಡುವುದಕ್ಕೆ ಇದೇ ಕ್ರಿಯಾಪದ, ಗ್ರೀಕ್ ವೈದ್ಯರು ಜಾರಿದ ಎಲುಬು ಕೂಡಿಸುವುದಕ್ಕೂ ಇದೇ. ತಪ್ಪು ಮಾಡಿ ಸಿಕ್ಕಿಬಿದ್ದವರನ್ನು ಮೃದುವಾಗಿ ಮತ್ತೆ ನೆಲೆಗೆ ತನ್ನಿ ಎನ್ನುವ ಅಪೊಸ್ತಲರ ಪತ್ರದಲ್ಲೂ ಇದೇ. ನಾನು ತಲೆಯಾಡಿಸಿ, ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದ್ದೆ.

ಕಳೆದ ತಿಂಗಳು ಬಂತು.

ನನ್ನ ಮೈದುನನ ಹೆಂಡತಿ ಗಿರಿಜಾ ಮದುವೆಯೊಂದಕ್ಕೆ ಉಡಲು ನನ್ನ ದಾಳಿಂಬೆ ಬಣ್ಣದ ಇಳಕಲ್ ಸೀರೆ ಒಯ್ದಿದ್ದಳು. ತೀರಿಕೊಂಡ ನಮ್ಮ ಅತ್ತೆ ನನಗೆ ಕೊಟ್ಟ ಸೀರೆ ಅದು. ವಾಪಸು ಬಂದಾಗ ಮಡಿಕೆ ಬಹಳ ಅಚ್ಚುಕಟ್ಟಾಗಿತ್ತು. ಗಿರಿಜಾ ಕರವಸ್ತ್ರವನ್ನೂ ನೆಟ್ಟಗೆ ಮಡಚುವವಳಲ್ಲ. ಅನುಮಾನದಿಂದ ಬಿಚ್ಚಿದೆ. ಒಳಮಡಿಕೆಯಲ್ಲಿ ನಾಲ್ಕು ಬೆರಳಿನಷ್ಟು ಹರಕು.

ನಾನು ಸಿಟ್ಟಾಗಲಿಲ್ಲ. ಕಾನ್ವೆಂಟಿನಲ್ಲಿ ಕಲಿತ ನಾವು ಸಿಟ್ಟಾಗುವುದಿಲ್ಲ, ಭಾಷಣ ತಯಾರಿಸುತ್ತೇವೆ. ಭಾನುವಾರ ಹುನಗುಂದದ ಅವಳ ಮನೆಯಲ್ಲಿ ನೆಂಟರೆಲ್ಲ ಸೇರುವುದಿತ್ತು. ಅವರೆದುರು, ನಗುನಗುತ್ತಲೇ, ಸೀರೆಯನ್ನು ನಡುಮನೆಯಲ್ಲಿ ಹಾಸುವುದೆಂದು ನಿಶ್ಚಯಿಸಿದೆ. ಆಮೇಲೆ ಅವಳು ನನ್ನ ಹೊಸಿಲು ತುಳಿಯಲಾರಳು ಎನ್ನುವುದೂ ಗೊತ್ತಿತ್ತು. ಈ ಹರಕು ಸರಿಯಾಗದೆಂದು ತಿಳಿದವರಿಂದ ಹೇಳಿಸಿದರೆ ಭಾಷಣಕ್ಕೆ ತೂಕ ಬರುತ್ತದೆಂದು, ಗುರುತು ಕಾಣದಂತೆ ಹರಕು ನೇಯುವ ರಫೂ ಅಂಗಡಿಯ ಹುಸೇನಸಾಬರ ಬಳಿ ಹೋದೆ.

ಅವರು ನನ್ನ ಭಾಷಣಕ್ಕೆ ಸ್ವಲ್ಪವೂ ಸಹಕರಿಸಲಿಲ್ಲ. ಆರಾಮಾಗಿ ಸರಿಯಾಗುತ್ತದೆ ಎಂದರು. “ಹೊರಗಿನ ದಾರ ಹಾಕಿದ್ರ ಎದ್ದು ಕಾಣ್ತೈತ್ರಿ ಅಕ್ಕಾರ. ಇದರ ಒಳಗಿಂದನ ನಾಕ ಎಳಿ ತಗೀಬೇಕು.” ಹಾಗೆನ್ನುತ್ತ ಸೀರೆ ತಿರುವಿದವರ ಬೆರಳು ದಡಿಯ ಹತ್ತಿರ ನಿಂತಿತು. ಇಲ್ಲೊಂದು ಹಳೆಯ ರಫೂ ಇದೆ, ತಮ್ಮ ತಂದೆಯ ಕೈಯದು ಎಂದರು. ಬೆಳಕಿಗೆ ಹಿಡಿದಾಗ ಮಾತ್ರ ನನಗೆ ಕಂಡಿತು.

ಆ ಜಾಗ ನನಗೆ ಪರಿಚಯದ್ದೇ. ಮದುವೆಯಾದ ಹೊಸದರಲ್ಲಿ ಅತ್ತೆಯನ್ನು ಕೇಳದೆ ಅವರ ಸೀರೆ ಉಟ್ಟು ಬಾದಾಮಿಗೆ ಹೋಗಿ, ಬಸ್ಸಿನ ಸೀಟಿನ ಮೊಳೆಗೆ ಹರಿದುಕೊಂಡು, ಹರಕನ್ನು ಒಳಗೆ ಮಾಡಿ ಬಹಳ ಅಚ್ಚುಕಟ್ಟಾಗಿ ಮಡಚಿಟ್ಟಿದ್ದೆ. ವರ್ಷಗಳಾದ ಮೇಲೆ ಸೀರೆ ನನಗೆ ಕೊಡುವಾಗ ಅತ್ತೆ, “ನನ್ನ ಕಡೆ ಇಂಥಾವು ಎರಡ ಇದ್ದುವು ನೋಡವಾ” ಎಂದಿದ್ದರು. ಹುಡುಕಿದರೂ ಹರಕು ಸಿಗಲಿಲ್ಲವಾದ್ದರಿಂದ, ನಾನು ಹರಿದದ್ದು ಆ ಇನ್ನೊಂದನ್ನು ಎಂದುಕೊಂಡು ಇಷ್ಟು ವರ್ಷ ನಿರಾಳವಾಗಿದ್ದೆ.

“ನಿಮ್ಮ ಅತ್ತಿಯಾರ ತಂದಿದ್ರು,” ಎಂದರು ಹುಸೇನಸಾಬರು. “ಯಾರು ಹರದ್ರು ಅಂತ ನಮ್ಮಪ್ಪ ಕೇಳಿದ. ರಫೂ ಮಾಡಾಕ ಹೆಸರು ಯಾಕ ಬೇಕಪಾ ಅಂದ್ರು.”

ಸಾರಿಗೆ ಉಪ್ಪು ಹೆಚ್ಚಾದರೆ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದ ನಮ್ಮ ಅತ್ತೆ! ಅವರಿಗೆ ಗ್ರೀಕ್ ಬರುತ್ತಿರಲಿಲ್ಲ.

ಭಾನುವಾರ, ರಫೂ ಆಗಿ ಬಂದ ಅದೇ ಸೀರೆ ಉಟ್ಟು ಹುನಗುಂದಕ್ಕೆ ಹೋದೆ. ಹೋಳಿಗೆ ಬಡಿಸುತ್ತಿದ್ದ ಗಿರಿಜಾಳ ಕಣ್ಣು ನನ್ನ ನಿರಿಗೆಯನ್ನೇ ತಡಕುತ್ತಿತ್ತು. ಕೊನೆಗೆ ತಡೆಯಲಾರದೆ ಬಗ್ಗಿ, ಮೆಲ್ಲಗೆ ಕೇಳಿದಳು.

“ಅಕ್ಕಾ, ಇದು ಅದ ಸೀರಿ ಏನ್ರಿ?”

ಸಿಸ್ಟರ್ ಅಲ್ಲಿದ್ದಿದ್ದರೆ ಸುಳ್ಳಿಗೆ ಅಂಕ ಕಳೆಯುತ್ತಿದ್ದರೋ, ಕ್ರಿಯಾಪದಕ್ಕೆ ಕೊಡುತ್ತಿದ್ದರೋ ತಿಳಿಯದು.

“ಅತ್ತಿ ಕಡೆ ಇಂಥಾವು ಎರಡ ಇದ್ದುವು ನೋಡವಾ,” ಎಂದೆ.

ಗಿರಿಜಾಳ ಮುಖ ಅರಳಿತು. ನನ್ನ ಎಲೆಗೆ ಇನ್ನೊಂದು ಹೋಳಿಗೆ ಬಿತ್ತು.