ಬೇರಿಗೆ ಎರಡು ಬೆರಳು ಗಾಳಿ

ಆ ವರ್ಷ ಮಟ್ಟುವಿನ ಹೊಳೆಯ ಕಟ್ಟಕ್ಕೆ ಯಾರೂ ಹಲಗೆ ಹಾಕಲಿಲ್ಲ. ಮಳೆ ಕಡಿಮೆಯಾದ ಕೂಡಲೇ ಗದ್ದೆಯವರೆಲ್ಲ ಸೇರಿ ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ, ಉಬ್ಬರದ ಉಪ್ಪುನೀರು ಒಳಗೆ ಬಾರದಂತೆ ಮಾಡುವುದು ರೂಢಿ. ಪಡು ಬದಿಯವರು ಮೂಡು ಬದಿಯವರು ಹಾಕುತ್ತಾರೆಂದು ಕುಳಿತರು. ಮೂಡು ಬದಿಯವರು ಕರೆದರೆ ಹೋಗೋಣವೆಂದು ಕುಳಿತರು. ಅಮಾವಾಸ್ಯೆಯ ಉಬ್ಬರ ಮಾತ್ರ ಯಾರೂ ಕರೆಯದೆ ಬಂತು. ನನ್ನ ಅಕ್ಕನ ಗುಳ್ಳದ ಸಸಿಮಡಿ ಎರಡು ದಿನ ಉಪ್ಪುನೀರಿನಲ್ಲಿ ನಿಂತು ಸುಟ್ಟ ಕಾಗದದ ಹಾಗಾಯಿತು. ಐದಾರು ವರ್ಷ ಕಳೆದಿದೆ. ಇದನ್ನು ಬರೆಯುವಾಗ ಈಗಲೂ ಪೆನ್ನಿನ ಮೊನೆ ಕಾಗದ ಹರಿಯುವಷ್ಟು ಒತ್ತುತ್ತಿದೆ.

ಗುಳ್ಳ ಅಂದರೆ ಮಟ್ಟುವಿನ ದುಂಡು ಬದನೆ. ಕಾರ್ಕಳದಿಂದ ಬರುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬರು ಶಾಲೆಯಲ್ಲಿ, "ಬದನೆ ಬದನೆಯೇ ಅಲ್ವಾ ಮಾಷ್ಟ್ರೇ, ಕುಕ್ಕುಂದೂರಿನಿಂದ ಒಂದು ಕಟ್ಟು ಸಸಿ ತಂದು ಕೊಡ್ತೇನೆ" ಎಂದರು. ನಾಲ್ಕು ದಿನ ನಾನು ಅವರೊಡನೆ ಮಾತಾಡಲಿಲ್ಲ. ಅಕ್ಕನ ಬೀಜ ನಮ್ಮ ಅಜ್ಜಿಯ ಕೈಯಿಂದ ಬಂದದ್ದು. ಪ್ರತಿ ವರ್ಷ ಒಳ್ಳೆಯ ಕಾಯನ್ನು ಹಣ್ಣಾಗಿಸಿ, ಬೀಜ ತೆಗೆದು, ಬೂದಿ ಸೆಗಣಿಯಲ್ಲಿ ಕಲಸಿ, ಬಿಲ್ಲೆ ತಟ್ಟಿ, ಅಡುಗೆಮನೆಯ ಗೋಡೆಗೆ ಬಡಿದಿಡುತ್ತಿದ್ದಳು. ಉಪ್ಪುನೀರು ಬಂದ ಮೇಲೆ ಉಳಿದದ್ದು ಅಂಗೈಯಗಲದ ಒಂದೇ ಬಿಲ್ಲೆ. ಅದು ಹೋದರೆ ನಮ್ಮ ಮನೆಯ ಬೀಜ ಮುಗಿಯಿತು.

ಹಿಂಗಾರು ನಾಲ್ಕು ಸಲ ಹೊಯ್ದರೆ ಗದ್ದೆಯ ಉಪ್ಪು ತೊಳೆದುಹೋಗುತ್ತದೆ. ಅಷ್ಟರೊಳಗೆ ಬೇರೆಲ್ಲಾದರೂ ಸಸಿ ಎಬ್ಬಿಸಿಕೊಳ್ಳಬೇಕಿತ್ತು. ಕಟಪಾಡಿಯ ನಮ್ಮ ಬಾಡಿಗೆ ಮನೆಯ ಬಾವಿಯಲ್ಲಿ ಸಿಹಿನೀರು ಇತ್ತು, ಹಿತ್ತಿಲಲ್ಲಿ ಮಣ್ಣೂ ಇತ್ತು. ಒಂದು ಮಡಿ ಮಾಡಿ ಬೀಜ ಚೆಲ್ಲಿದ್ದರೆ ಈ ಬರಹದ ಅಗತ್ಯವೇ ಬರುತ್ತಿರಲಿಲ್ಲ. ಆದರೆ ನಾನು ಹೈಸ್ಕೂಲಿನ ವಿಜ್ಞಾನದ ಮಾಷ್ಟ್ರು.

ಕಾಪುವಿನ ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತಿದ್ದ ಬ್ಯಾರಿ ಗೆಳೆಯ ಆಗ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ. ಅವನ ಕೆಲಸ ಮರುಭೂಮಿಯ ನಡುವಿನ ಒಂದು ತೋಟದಲ್ಲಿ. ಅಲ್ಲಿ ಮಣ್ಣಿಲ್ಲದೆ, ಗೊಬ್ಬರದ ಪುಡಿ ಕರಗಿಸಿದ ನೀರಿನಲ್ಲೇ ಸೌತೆ, ಟೊಮೆಟೊ ಬೆಳೆಸುತ್ತಿದ್ದರು. ಅವನಲ್ಲಿ ಒಂದು ಪೊಟ್ಟಣ ಪುಡಿಯೂ ಇತ್ತು. ನಾನು ಕೇಳಿದವನೇ ಅಕ್ಕನ ಮನೆಗೆ ಓಡಿದೆ.

"ಮಣ್ಣೇ ಬೇಡವಾ?" ಎಂದಳು ಅಕ್ಕ.

"ಬೇಡ. ಮಣ್ಣು ಇರುವುದು ಗಿಡವನ್ನು ನಿಲ್ಲಿಸಲಿಕ್ಕೆ ಅಷ್ಟೇ."

"ಹಾಗಾದ್ರೆ ಇಷ್ಟು ವರ್ಷ ನಾನು ಬೆನ್ನು ಮುರಿದದ್ದು ಎಂತಕ್ಕೆ?"

ಆದರೂ ಬಿಲ್ಲೆಯನ್ನು ಎರಡು ತುಂಡು ಮಾಡಿ ಅರ್ಧ ಕೊಟ್ಟಳು. "ಇನ್ನರ್ಧ ಗೋಡೆಯಲ್ಲೇ ಇರ್ಲಿ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ." ಅಕ್ಕ ಹಾಗೆ ಹೇಳಿದರೆ ನಂಬಿಕೆ ಇಲ್ಲವೆಂದೇ ಅರ್ಥ.

ಗೆಳೆಯನ ಮನೆಗೆ ಹೊಸದಾಗಿ ಬಂದ ಟೀವಿಯ ಪೆಟ್ಟಿಗೆಯಲ್ಲಿ ಥರ್ಮೊಕೋಲ್ ಇತ್ತು. ಅದನ್ನು ಪ್ಲಾಸ್ಟಿಕ್ ಟಬ್ಬಿನ ಬಾಯಿಗೆ ಸರಿಯಾಗಿ ಕತ್ತರಿಸಿ ತೂತು ಕೊರೆದೆವು. ಒದ್ದೆ ಬಟ್ಟೆಯಲ್ಲಿ ಮೊಳೆತ ಬೀಜವನ್ನು ತೆಂಗಿನ ನಾರಿನಲ್ಲಿ ಸುತ್ತಿ ಒಂದೊಂದು ತೂತಿಗೆ ಒಂದೊಂದರಂತೆ ಇಟ್ಟೆವು. ಹೊರಡುವಾಗ ಗೆಳೆಯ ಎಚ್ಚರಿಕೆ ಹೇಳಿದ. "ಈಗ ನೀರು ಮೇಲೆ ತಾಗುವಷ್ಟು ಇರ್ಲಿ ಮಾಷ್ಟ್ರೇ. ಬೇರು ಕೆಳಗೆ ಬಂದ ಮೇಲೆ ಇಳಿಸ್ಬೇಕು. ಮುಚ್ಚಳಕ್ಕೂ ನೀರಿಗೂ ಎರಡು ಬೆರಳು ಗಾಳಿ ಉಂಟಾ ನೋಡಿ. ಬೇರಿನ ತುದಿ ಮುಳುಗಿದ್ರೆ ಸಾಕು, ಮೇಲಿನದು ಉಸಿರಾಡ್ಲಿ. ನೀರಿಗೆ ಬಿಸಿಲು ಬೀಳ್ಬಾರದು. ನಾಲ್ಕು ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ ಹೊಸದು ಹಾಕಿ, ಹಳೆಯದರ ಮೇಲೆ ಹೊಸದು ಹೊಯ್ಯುವುದಲ್ಲ. ಈ ಪುಡಿ ಬಿಟ್ಟು ಬೇರೆ ಎಂತದೂ ಬೇಡ. ಮತ್ತೆ, ಮುಟ್ಬೇಡಿ."

"ಮುಟ್ಟದೆ ನೋಡುವುದು ಹೇಗೆ?"

"ನೋಡುವುದೂ ಬೇಡ ಮಾರಾಯ್ರೆ!"

ಒಂದು ವಾರದಲ್ಲಿ ಸಸಿ ಎದ್ದು ನಿಂತವು. ಮಣ್ಣಿನಲ್ಲಾದರೆ ಎರಡು ವಾರ ಬೇಕಿತ್ತು. ಅಕ್ಕನೇ ಬಂದು ನೋಡಿ, "ಅಬ್ಬ" ಎಂದು ಹೋದಳು. ನನ್ನ ಚಿಂತೆ ಶುರುವಾದದ್ದೇ ಆಗ. ಎರಡು ಬೆರಳು ಗಾಳಿ? ಬಾಯಾರಿದವನಿಗೆ ಕೊಡಪಾನ ತೋರಿಸಿ ಲೋಟ ಕೊಡದ ಹಾಗೆ ಅಲ್ಲವೇ? ನಾನು ದಿನಾ ನೀರು ಹೊಯ್ದು ತುಂಬಿಸಿದೆ. ಬೇರು ಹೇಗುಂಟೆಂದು ಶಾಲೆಗೆ ಹೋಗುವಾಗ ಮುಚ್ಚಳ ಎತ್ತಿದೆ, ಬಂದು ಚಪ್ಪಲಿ ಬಿಚ್ಚುವ ಮೊದಲು ಇನ್ನೊಮ್ಮೆ ಎತ್ತಿದೆ. ಪುಡಿಯ ವಿಷಯದಲ್ಲೂ ಮನಸ್ಸು ಒಪ್ಪಲಿಲ್ಲ. ಒಂದು ಟಬ್ಬಿಗೆ ಅರ್ಧ ಚಮಚ! ನಮ್ಮ ಹಿತ್ತಿಲ ಕರಿಬೇವಿನ ಗಿಡಕ್ಕೂ ದಿನಾ ಕುಚ್ಚಲಕ್ಕಿ ಗಂಜಿಯ ತಿಳಿ ಸಿಗುತ್ತದೆ, ಈ ಹಸುಳೆಗಳಿಗೆ ಬರೀ ಉಪ್ಪಿನಂಥ ಪುಡಿಯೇ? "ಟಬ್ಬಿನ ಹತ್ತಿರ ಯಾರೂ ಹೋಗಬೇಡಿ" ಎಂದು ಹೆಂಡತಿಗೆ ಕಟ್ಟುನಿಟ್ಟಾಗಿ ಹೇಳಿ, ಬೆಳಿಗ್ಗೆ ಬೆಳಿಗ್ಗೆ ಅರ್ಧ ಲೋಟ ಗಂಜಿಯ ತಿಳಿಯನ್ನು ಅದಕ್ಕೆ ಹೊಯ್ಯುತ್ತಾ ಬಂದೆ.

ಗಂಜಿ ಶುರುಮಾಡಿದ ಆರನೆಯ ದಿನ ಸಸಿಗಳು ತುಂಬಿದ ನೀರಿನ ಮೇಲೆ ಬಾಡಿ ಬಿದ್ದವು. ಎತ್ತಿ ನೋಡಿದರೆ ಬಿಳಿ ದಾರದಂತಿದ್ದ ಬೇರು ಚಹಾದ ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಹಿಡಿದರೆ ಸಿಪ್ಪೆ ಲೋಳೆಯಾಗಿ ಕಳಚಿ, ಒಳಗಿನ ಕೂದಲಿನಂಥ ಎಳೆ ಮಾತ್ರ ಉಳಿಯುತ್ತಿತ್ತು. ಒಂದೂ ಬದುಕಲಿಲ್ಲ.

ಬಸ್ಸು ಹಿಡಿದು ಕಾಪುವಿಗೆ ಹೋಗಿ ಗೆಳೆಯನ ಅಂಗಳದಲ್ಲಿ ನಿಂತು ಕೂಗಾಡಿದೆ. ಅವನ ತಾಯಿ ಚಹಾ ತಂದರು. ನಾನು ಕುಡಿಯಲಿಲ್ಲ.

"ನೀರು ಎಷ್ಟು ಇಟ್ಟಿದ್ರಿ?" ಎಂದ ಗೆಳೆಯ, ನಿಧಾನಕ್ಕೆ.

"ನೀನು ಹೇಳಿದಷ್ಟೇ!"

"ಹಾಗಾದ್ರೆ ಕೊಳೆಯುವ ಕ್ರಮ ಇಲ್ಲವಲ್ಲ."

"ಹಾಗಾದರೆ ನಿನ್ನ ಪುಡಿಯೇ ಹಾಳು!" ಎಂದು ತಿರುಗಿ ಬಂದೆ. ಸುಳ್ಳು ಹೇಳುವಾಗ ನನ್ನ ಗಂಟಲು ಬಹಳ ದೊಡ್ಡದು.

ಮನೆಗೆ ಬಂದರೆ ಅಕ್ಕ ಟಬ್ಬಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತಿದ್ದಳು. ಬಗ್ಗಿ ಮೂಸಿದಳು. "ಹಳಸಿದ ಗಂಜಿಯ ವಾಸನೆ. ಇದಕ್ಕೆ ಗಂಜಿ ಹಾಕಿದ್ದು ಯಾರು?"

ನಾನು ಹೆಂಡತಿಯ ಕಡೆ ನೋಡಿದೆ. ಅಷ್ಟೇ ಮಾಡಿದ್ದು, ಅಷ್ಟು ಸಾಕಾಯಿತು.

"ಗೊತ್ತಿಲ್ಲದಿದ್ರೆ ಕೇಳ್ಬಾರದಿತ್ತಾ ಮಾರಾಯ್ತಿ?" ಅಕ್ಕ ಅವಳನ್ನು ಚೆನ್ನಾಗಿ ಬೈದಳು. ಅಜ್ಜಿಯ ಹೆಸರು ಬಂತು, ಕಣ್ಣೀರೂ ಬಂತು. ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಡದೆ ಎಲ್ಲವನ್ನೂ ಕೇಳಿಸಿಕೊಂಡಳು. ದಿನಾ ಬೆಳಿಗ್ಗೆ ಗಂಜಿಯ ಲೋಟ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

ಅಕ್ಕ ಹೋದ ಮೇಲೆ ಹೆಂಡತಿ ಕೇಳಿದಳು: "ಎಂಟನೇ ಕ್ಲಾಸಿನ ಮಕ್ಕಳಿಗೆ ಎಂತ ಕಲಿಸ್ತೀರಿ ನೀವು? ಬೇರೂ ಉಸಿರಾಡ್ತದೆ ಅಂತ ಅಲ್ವಾ?"

ಹದಿನೈದು ವರ್ಷ ಕಲಿಸಿದ್ದೇನೆ, ಚಿತ್ರ ಬಿಡಿಸಿ ಬಾಣದ ಗುರುತು ಹಾಕಿ. ನನಗೆ ಬಂದ ಸಿಟ್ಟಿಗೆ ಊಟ ಬಿಟ್ಟು ಎದ್ದೆ. ಯಾರ ಮೇಲೆ ಸಿಟ್ಟು ಎಂದು ಕೇಳಬೇಡಿ. ಹಲಗೆ ಹಾಕದವರಿಂದ ಹಿಡಿದು ಗಂಜಿ ಬೇಯಿಸಿದ ಪಾತ್ರೆಯವರೆಗೆ ಎಲ್ಲರ ಮೇಲೂ.

ಮರುದಿನ ಹೆಂಡತಿಯೇ ಮಟ್ಟುವಿಗೆ ನಡೆದಳು. ಏನು ಹೇಳಿ ಕೇಳಿದಳೋ, ಸಂಜೆ ಉಳಿದರ್ಧ ಬಿಲ್ಲೆ ಅವಳ ಸೆರಗಿನಲ್ಲಿತ್ತು. ಮಣ್ಣಿನಲ್ಲಿ ಹಾಕಲು ದಿನ ಸಾಲದು, ನೀರಿನಲ್ಲೇ ಆಗಬೇಕು ಎಂದು ಇಬ್ಬರೂ ನಿಶ್ಚಯಿಸಿದ್ದರು. ಗೆಳೆಯನೂ ಬಂದ, ನನ್ನ ಕೂಗಾಟವನ್ನು ನಿನ್ನೆಯ ಮಳೆ ಎಂಬಂತೆ ಮರೆತು. ಟಬ್ಬನ್ನು ಬ್ಲೀಚಿಂಗ್ ಪೌಡರಿನಲ್ಲಿ ಉಜ್ಜಿ, ತೊಳೆದು, ಬಿಸಿಲಿಗೆ ಒಣಗಿಸಿದರು. ಹಳೆಯ ಥರ್ಮೊಕೋಲನ್ನು ಎಸೆದು ಹೊಸದನ್ನು ಕೊರೆದರು. ಮೂಡು ಕಿಟಕಿಯ ಕೋಣೆಯಲ್ಲಿ, ಟಬ್ಬಿನ ಸುತ್ತ ಗೋಣಿ ಸುತ್ತಿ ಇಟ್ಟರು. ಹೆಂಡತಿ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು.

"ನನ್ನ ಅಕ್ಕನ ಬೀಜ ಅದು!" ಎಂದೆ.

"ಹೌದು. ಅದಕ್ಕೇ ಬೀಗ."

ಮೂರು ವಾರ ನಾನು ನನ್ನದೇ ಬಾಡಿಗೆಯ ಕೋಣೆಯ ಹೊರಗೆ ಉರಿಯುತ್ತಾ ಕುಳಿತೆ. ನಾಲ್ಕು ದಿನಕ್ಕೊಮ್ಮೆ ಹಳೆಯ ನೀರು ತೆಂಗಿನ ಬುಡಕ್ಕೆ ಬೀಳುವ ಸದ್ದಷ್ಟೇ ನನ್ನ ಪಾಲು. ಒಂದು ಬೆಳಿಗ್ಗೆ ತಡೆಯಲಾರದೆ ಗಂಜಿಯ ಲೋಟ ಹಿಡಿದು ಹೊರಗಿನಿಂದ ಕಿಟಕಿಯ ಬಳಿ ಹೋದೆ. ಸರಳಿನೊಳಗೆ ಕೈ ಹಾಕಬೇಕು, ಅಷ್ಟರಲ್ಲಿ ಹಿಂದಿನಿಂದ ಸ್ವರ ಬಂತು.

"ಕುಡೀರಿ ಅದನ್ನು."

ಕುಡಿದೆ. ಉಪ್ಪು ಹಾಕಿರಲಿಲ್ಲ.

ಹಿಂಗಾರು ಹೊಯ್ದು ಗದ್ದೆ ತೊಳೆದ ಮೇಲೆ ಬಾಗಿಲು ತೆರೆಯಿತು. ಹೆಂಡತಿ ಮುಚ್ಚಳವನ್ನು ಒಂದೇ ಸಲ ಎತ್ತಿ ತೋರಿಸಿದಳು. ಮೂವತ್ತೊಂದು ಸಸಿ. ಗಾಳಿಯಲ್ಲಿದ್ದ ಬೇರಿಗೆ ಹತ್ತಿಯ ಹಾಗೆ ನವಿರು ಬಂದಿತ್ತು, ನೀರಿನೊಳಗಿನದು ಹಾಲಿನ ಬಿಳುಪು. ಇನ್ನೊಮ್ಮೆ ತೋರಿಸು ಎಂದೆ, ತೋರಿಸಲಿಲ್ಲ.

ಸಸಿ ನೆಡುವ ಮುಂಚೆ ಕಟ್ಟಕ್ಕೆ ಹಲಗೆ ಬೀಳಬೇಕಿತ್ತು. ಸೊಂಟದ ನೀರಿನಲ್ಲಿ ನಿಂತು ಎರಡೂ ಬದಿಯವರನ್ನು ಹೆಸರು ಹಿಡಿದು ಕರೆದೆ, ಬೈಯಬಾರದ್ದನ್ನೂ ಬೈದು ಕರೆದೆ. ಬಂದರು. ನನ್ನ ಸಿಟ್ಟು ಉಪಯೋಗಕ್ಕೆ ಬಂದದ್ದು ಅದೊಂದೇ ದಿನ.

ಮೊದಲ ಕೊಯ್ಲಿನ ಗುಳ್ಳವನ್ನು ಅಕ್ಕ ಕಾಪುವಿಗೆ, ಗೆಳೆಯನ ತಾಯಿಗೆ ಕಳಿಸಿದಳು. ಎರಡನೆಯದಕ್ಕೆ ನಮ್ಮನ್ನು ಊಟಕ್ಕೆ ಕರೆದಳು. ಬಡಿಸುತ್ತಾ ಹೆಂಡತಿಗೆ, "ಆವತ್ತು ಗಂಜಿ ಹಾಕಿದ ಕೈಯೇ ಇಷ್ಟು ಬೆಳೆಸಿತಲ್ಲ ಮಾರಾಯ್ತಿ" ಎಂದು ನಕ್ಕಳು.

"ಗಂಜಿ ಹಾಕಿದ್ದು ನಾನು" ಎಂದೆ.

ಅಕ್ಕ ನನ್ನ ಎಲೆಯತ್ತ ಬಂದಿದ್ದ ಸೌಟನ್ನು ಹಿಂದಕ್ಕೆ ತೆಗೆದುಕೊಂಡಳು. "ಮತ್ತೆ ಅವಳಿಗೆ ಬೈಯುವಾಗ ನಿನ್ನ ಬಾಯಿಗೆ ಎಂತ ಆಗಿತ್ತು?" ಹೆಂಡತಿಯ ಕಡೆ ತಿರುಗಿ, "ನೀನಾದ್ರೂ ಹೇಳ್ಬಾರದಿತ್ತಾ?"

"ಉಳಿದ ಬೀಜ ಕೊಡದಿದ್ರೆ ಹೇಳ್ತಿದ್ದೆ" ಎಂದಳು ಇವಳು, ಅನ್ನ ಕಲಸುತ್ತಾ.

ಆಮೇಲೆ ಪ್ರತಿ ವರ್ಷ ಅಕ್ಕ ಎರಡು ಬಿಲ್ಲೆ ತಟ್ಟುತ್ತಾಳೆ. ಒಂದು ಅವಳ ಗೋಡೆಗೆ. ಇನ್ನೊಂದನ್ನು, ಉಪ್ಪು ಬಾರದ ಊರಿನಲ್ಲಿರಲಿ ಎಂದು, ಕಟಪಾಡಿಗೆ ತಂದು ನನ್ನ ಹೆಂಡತಿಯ ಕೈಗೇ ಕೊಡುತ್ತಾಳೆ. ಅದು ನಮ್ಮ ಒಲೆಯ ಪಕ್ಕದ ಗೋಡೆಯಲ್ಲಿದೆ. ಮಳೆಗಾಲದಲ್ಲಿ ತೇವ ಹಿಡಿದೀತೇ ಎಂದು ನನಗೆ ದಿನವೂ ಅನಿಸುತ್ತದೆ, ಮುಟ್ಟಿ ನೋಡಿದರೆ ಗೊತ್ತಾಗುತ್ತಿತ್ತು. ನಾನು ಕೂರುವ ಬೆಂಚನ್ನು ಹೆಂಡತಿ ಗೋಡೆಯಿಂದ ಒಂದು ಮಾರು ದೂರ ಹಾಕಿಸಿದ್ದಾಳೆ. ಅಲ್ಲಿಂದಲೇ ನೋಡುತ್ತಾ ನನ್ನ ಗಂಜಿ ನಾನು ಕುಡಿಯುತ್ತೇನೆ, ತಿಳಿಯ ಸಮೇತ.